ಹುಣಸೆಮರದ ಒಳಗು ನೋಡಲು ಹೋದದ್ದು

ಗುಲಬರ್ಗಾದಿಂದ ಬೆಳಗಿನ ಪ್ಯಾಸೆಂಜರ್ ಗಾಡಿ ಹೊರಟಾಗ ನಮ್ಮ ಸೀಟಿನ ಕೆಳಗೆ ಎಕ್ಸ್‌ರೇ ಯಂತ್ರದ ಪೆಟ್ಟಿಗೆ ಇತ್ತು. ಮೇಲಿನ ಹಲಗೆಯ ಮೇಲೆ, ನಾನು ವೆಲ್ಡಿಂಗ್ ಅಂಗಡಿಯಲ್ಲಿ ಎದುರಿಗೆ ನಿಂತು ಮಾಡಿಸಿಕೊಂಡು ಬಂದ ಎರಡು ಅರ್ಧಚಂದ್ರಾಕಾರದ ಕಬ್ಬಿಣದ ಕಂಬಿಗಳಿದ್ದವು. ಡಿಟೆಕ್ಟರು ಮಾತ್ರ ಸುನಂದಾಳ ಮಡಿಲಿನಲ್ಲಿತ್ತು. ಕ್ಷ-ಕಿರಣ ಬಿದ್ದಲ್ಲಿ ಚಿತ್ರ ಹಿಡಿಯುವ ಡಬ್ಬಿ ಅದು, ಶಾಲೆಯ ಮಕ್ಕಳ ಸ್ಲೇಟಿಗಿಂತ ದೊಡ್ಡದಲ್ಲ. ಅದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು.

ಕಾರಣ ಹೇಳಿಬಿಡುತ್ತೇನೆ, ಮುಚ್ಚುಮರೆ ಯಾಕೆ. ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೇಷ್ಟ್ರು. ಬೆಸುಗೆಯ ಒಳಗಿನ ಬಿರುಕು, ಎರಕದ ಒಳಗಿನ ಗುಳ್ಳೆ, ಇವನ್ನು ಒಡೆಯದೆ ಮುರಿಯದೆ ನೋಡುವುದು ನನ್ನ ವಿದ್ಯೆ. ವಸ್ತುವಿನ ಸುತ್ತ ಎಲ್ಲ ಕೋನದಿಂದ ಕಿರಣ ಹಾಯಿಸಿ, ಆ ನೆರಳುಗಳನ್ನೆಲ್ಲ ಕಂಪ್ಯೂಟರಿಗೆ ಕೊಟ್ಟು, ಸೌತೆಕಾಯಿ ಹೋಳು ಮಾಡಿದಂತೆ ಒಳಗನ್ನು ತೋರಿಸುವ ಟೊಮೊಗ್ರಫಿ ಕೂಡ ನನಗೆ ಬರುತ್ತದೆ. ಆದರೆ ವಸ್ತು ದೊಡ್ಡದಾದರೆ ಅದರ ನೆರಳು ಡಿಟೆಕ್ಟರಿನ ಹೊರಗೆ ಬೀಳುತ್ತದೆ. ಅದಕ್ಕೇ ಬಾಗಿಲಿನಷ್ಟು ದೊಡ್ಡ ಡಿಟೆಕ್ಟರು ಬೇಕೆಂದು ವರ್ಷಗಟ್ಟಲೆ ಅರ್ಜಿ ಬರೆದೆ. ಪ್ರಿನ್ಸಿಪಾಲರು "ಕುಣೀಲಾರದಾಕಿ ನೆಲ ಡೊಂಕ ಅಂದಳಂತ" ಎಂದು ಸಭೆಯಲ್ಲೇ ನಕ್ಕರು. ಕೊನೆಗೆ ಈ ವರ್ಷ ಮನಸ್ಸು ಕರಗಿ, ಫೈಲು ಅವರ ಮೇಜಿನ ತನಕ ಬಂತು. ಅಷ್ಟರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ, ಈಗ ನನ್ನದೇ ವಿಭಾಗದ ಹೊಸ ಅಧ್ಯಾಪಕಿ ಈ ಸುನಂದಾ, "ಸರ್, ಇದ್ದ ಸಣ್ಣದ್ರಾಗೇ ಆಗ್ತದ್ರೀ" ಅಂದುಬಿಟ್ಟಳು. ಗುರುವಿಗೇ ತಿರುಮಂತ್ರ! ಲ್ಯಾಬಿನಲ್ಲಿ ನೀರಿನ ಡ್ರಮ್ಮಿನ ಮೇಲೆ ಮಾಡಿಯೂ ತೋರಿಸಿದಳು. ಪ್ರಿನ್ಸಿಪಾಲರು ಗಡ್ಡ ಕೆರೆದುಕೊಂಡು ಒಂದು ಕರಾರು ಹಾಕಿದರು: ಹೊರಗೆ ಹೋಗಿ ನಿಜವಾದ ದೊಡ್ಡ ವಸ್ತುವೊಂದನ್ನು ಸಣ್ಣ ಡಿಟೆಕ್ಟರಿನಲ್ಲಿ ನೋಡಿ ಬರಬೇಕು. ಆಗದಿದ್ದರೆ ದೊಡ್ಡದರ ಫೈಲಿಗೆ ಸಹಿ. ಆಗಿಬಿಟ್ಟರೆ ಫೈಲು ಕಪಾಟಿಗೆ.

ವಸ್ತುವನ್ನು ಹುಡುಕಿದವಳೂ ಸುನಂದಾಳೇ. ನ್ಯಾಲ್ಕಲ್ ಕಡೆಯ ಹಳ್ಳಿಯಲ್ಲಿ ಅವಳ ಚಿಗವ್ವನ, ಅಂದರೆ ಚಿಕ್ಕಮ್ಮನ, ಮನೆಯ ಮುಂದೆ ಒಂದು ಹುಣಸೆಮರ. ಅದರ ನೆರಳಲ್ಲೇ ಓಣಿಯ ಅಂಗನವಾಡಿ ಕೂಡುವುದು. ಹೋದ ತಿಂಗಳ ಗಾಳಿಗೆ ಒಂದು ಕೊಂಬೆ ಮುರಿದುಬಿದ್ದು, ಮುರಿದ ಜಾಗದಲ್ಲಿ ಪೊಟರೆ ಕಂಡಿತ್ತು. ಮರ ಪೂರಾ ಟೊಳ್ಳಾಗಿದ್ದರೆ ಕಡಿಯಲೇಬೇಕು, ಕೆಳಗೆ ಮಕ್ಕಳು. ನಾರಾಯಣಖೇಡದ ಕಟ್ಟಿಗೆ ಅಡ್ಡೆಯವನಿಗೆ ಹೇಳಿಯೂ ಆಗಿತ್ತು, ಇನ್ನೆರಡು ದಿನದಲ್ಲಿ ಗರಗಸ ತರುವವನಿದ್ದ.

ಚಿತ್ತಾಪುರ, ಸೇಡಂ ದಾಟಿ ತಾಂಡೂರಿಗೆ ಇಳಿದಾಗ ಬಿಸಿಲೇರಿತ್ತು. ಕಲ್ಲಿನ ಊರು. ರಸ್ತೆಯ ಎರಡೂ ಕಡೆ ನೆಲಕ್ಕೆ ಹಾಸುವ ಪರ್ಸಿಕಲ್ಲಿನ ಬಂಡೆಗಳನ್ನು ಓರೆಯಾಗಿ ನಿಲ್ಲಿಸಿದ್ದರು, ಎಲೆಗಳ ಮೇಲೆ, ಎಮ್ಮೆಗಳ ಬೆನ್ನ ಮೇಲೆ ಬಿಳಿ ಪುಡಿ ಕೂತಿತ್ತು. ಪ್ರತ್ಯೇಕ ರಾಜ್ಯಕ್ಕಾಗಿ ಮುಷ್ಕರ ನಡೆದಿತ್ತು, ಗೋಡೆ ಗೋಡೆಗೆ ಜೈ ತೆಲಂಗಾಣ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಬದಲು ನಾಯಿಗಳು ಮಲಗಿದ್ದವು. ಚಹಾದ ಅಂಗಡಿಯವ, "ಬಸ್ ನಿಂತು ಭಾಳ ದಿನಾ ಆತ್ರೀ. ರಾಜ್ಯ ಕೊಟ್ಟ ಮ್ಯಾಲೇ ಬಸ್" ಎಂದು ನಕ್ಕ. ಅವನ ಉಪ್ಪಿಟ್ಟು ಚೆನ್ನಾಗಿತ್ತು. ಜಹೀರಾಬಾದಿಗೆ ಐವತ್ತರ ಮೇಲೆ ಕಿಲೋಮೀಟರು. ಜೀಪಿನವ ತಲೆಗೆ ಎಪ್ಪತ್ತು ರೂಪಾಯಿ ಕೇಳಿ, ಎಕ್ಸ್‌ರೇ ಪೆಟ್ಟಿಗೆಗೂ ಒಂದು ತಲೆ ಅಂತ ಲೆಕ್ಕ ಹಿಡಿದ. ನಾನು ಜಗಳಕ್ಕೆ ನಿಂತೆ. ಸುನಂದಾ ತೆಲುಗಿನಲ್ಲಿ ಏನೋ ಎರಡು ಮಾತು ಹೇಳಿದಳು, ಪೆಟ್ಟಿಗೆ ಪುಕ್ಕಟೆ ಹತ್ತಿತು. ನನಗೆ ತೆಲುಗು ಬಾರದು. ಅದೊಂದು ಬೇರೆ ಸಂಕಟ.

ತೊಗರಿ ಹೊಲಗಳು ಹಳದಿ ಹೂವು ಬಿಟ್ಟಿದ್ದವು. ಜಹೀರಾಬಾದಿನ ಹೊರಗೆ ಹೆದ್ದಾರಿಯ ನಟ್ಟನಡುವೆ ಒಲೆ ಹೂಡಿ ನೂರಾರು ಜನ ಅಡುಗೆ ಮಾಡುತ್ತ ಕೂತಿದ್ದರು. ರಸ್ತೆ ತಡೆಯುವ ಆ ಕಾಲದ ಪದ್ಧತಿ ಅದು: ರಸ್ತೆಯಲ್ಲೇ ಬೇಯಿಸು, ರಸ್ತೆಯಲ್ಲೇ ಉಣ್ಣು, ವಾಹನ ಹೋಗಲಿ ನೋಡೋಣ. ಹೆಗಲಿಗೆ ಟವೆಲ್ ಹಾಕಿದ ಒಬ್ಬ ಜೀಪಿನೊಳಗೆ ಇಣುಕಿ, ಪೆಟ್ಟಿಗೆಯ ಮೇಲಿನ ಅಪಾಯದ ಗುರುತು ಕಂಡು, "ಇದೇನ್ರೀ, ಬಾಂಬ್ ಏನು?" ಎಂದು ಕೇಳಿದ. "ಎಕ್ಸ್‌ರೇ" ಅಂದೆ. "ಯಾರಿಗಿ ಆರಾಮಿಲ್ಲ?" "ಮರಕ್ಕ" ಅಂದೆ. ಅವನು ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ. ಮತ್ತೆ ಸುನಂದಾಳೇ ಇಳಿದು ಹೋದಳು. ಕಾಲು ಗಂಟೆಯಲ್ಲಿ ನಮ್ಮ ಕೈಯಲ್ಲಿ ಎಲೆ, ಎಲೆಯಲ್ಲಿ ಬಿಸಿ ಅನ್ನ, ಬೇಳೆ ಸಾರು. "ನಮ್ಮ ಕಡೀ ಹುಡುಗಿ ದೊಡ್ಡ ಡಾಕ್ಟರ್ ಆಗ್ಯಾಳ" ಎಂದು ಯಾರೋ ಹೇಳುತ್ತಿದ್ದರು. ಮರದ ಡಾಕ್ಟರಂತೆ! ನನ್ನನ್ನು ಅವಳ ಕಾಂಪೌಂಡರ್ ಅಂದುಕೊಂಡರು. ಅನ್ನವಂತೂ ರುಚಿಯಾಗಿತ್ತು.

ಅಲ್ಲಿಂದ ಆಟೋ ಹಿಡಿದು ಹಳ್ಳಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಚಿಗವ್ವ ಚಂದ್ರಮ್ಮ ಐವತ್ತು ದಾಟಿದ ಗಟ್ಟಿ ಹೆಂಗಸು. ಬುದ್ಧನ ಪಟ ತೂಗುಹಾಕಿದ ಪಡಸಾಲೆಯಲ್ಲಿ ನಮ್ಮನ್ನು ಕೂಡಿಸಿ, ನೀರು ಕೊಟ್ಟು, ಮೊದಲು ಕೇಳಿದ್ದೇ ಮರದ ಮಾತು.

"ಸರ, ಖರೇ ಹೇಳ್ರಿ. ಟೊಳ್ಳಿದ್ರ ಟೊಳ್ಳದ ಅನ್ರಿ, ನನ್ನ ಮಾರಿ ನೋಡಿ ಸುಳ್ಳ ಹೇಳಬ್ಯಾಡ್ರಿ. ನಾ ಈ ಮನೀಗಿ ಬಂದಾಗ ಆ ಗಿಡ ನನ್ನ ಎತ್ತರ ಇತ್ತು. ಆದ್ರ ಕೂಸಿನ ತಲೀ ಮ್ಯಾಲ ಬಿದ್ರ ನಾ ಹೆಂಗ ಬದಕಲಿ?"

ನಾನು ಹೋಗಿ ಮರವನ್ನು ತಬ್ಬಿ ನೋಡಿದೆ. ನನ್ನ ಎರಡು ತೋಳಿಗೆ ದಕ್ಕದೆ ಮೊಳದಷ್ಟು ಉಳಿಯಿತು. ಮುರಿದ ಕೊಂಬೆಯ ಗಾಯ ಎದೆಯೆತ್ತರದಲ್ಲಿತ್ತು. ಆ ಎತ್ತರದಲ್ಲೇ ಕಂಬಿಗಳನ್ನು ಕಟ್ಟಬೇಕೆಂದು ಕಾಂಡದ ಸುತ್ತ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆದೆ. ಸುತ್ತ ನೆರೆದ ಓಣಿಯವರು ಉಸಿರು ಬಿಗಿಹಿಡಿದು ನೋಡಿದರು. "ನಾಳಿ ಮಿಷಿನ್ ಇಲ್ಲಿಂದ ಒಳಗ ಹೊಗ್ತದೇನ್ರೀ?" ಎಂದು ಒಬ್ಬ ಮುದುಕ ಕೇಳಿದ. "ಹೌದು, ಸರಿಯಾಗಿ ಈ ಗೆರೆಯ ಮ್ಯಾಲೇ" ಎಂದು ಜಂಬದಿಂದ ಹೇಳಿದೆ.

ಊಟಕ್ಕೆ ಚಂದ್ರಮ್ಮ ಜೋಳದ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ತಾಟಿನಷ್ಟು ಅಗಲ, ಹೆಂಚು ಅದಕ್ಕಿಂತ ಸಣ್ಣದು. ರೊಟ್ಟಿಯನ್ನು ಒಂದು ಬದಿಗೆ ಸರಿಸಿ ಹಾಕಿ, ಅಂಚು ಹೊರಗೆ ಚಾಚಿದ್ದರೂ ಬಿಟ್ಟು, ಮೆಲ್ಲಗೆ ಸುತ್ತ ತಿರುಗಿಸುತ್ತ ಹೋದಳು. ಒಂದು ಸುತ್ತು ಮುಗಿಯುವಷ್ಟರಲ್ಲಿ ರೊಟ್ಟಿ ಪೂರಾ ಬೆಂದಿತ್ತು.

"ನೋಡ್ರಿ ಸರ್," ಸುನಂದಾ ನಗುತ್ತ ಅಂದಳು, "ನಾ ಮಾಡೂದೂ ಇಷ್ಟೇ. ಡಿಟೆಕ್ಟರ್ ನಡುವ ಇಡೂದಿಲ್ಲ, ಒಂದು ಬಾಜೂಕ ಸರಿಸ್ತೀನಿ. ಈ ಕಡಿಂದ ಕಾಣಲಾರದ್ದು, ಪೂರಾ ಒಂದು ಸುತ್ತು ಹಾಕಿ ಆ ಕಡಿಗಿ ಹೋದಾಗ ಕಾಣ್ತದ. ಇನ್ನೂ ದೊಡ್ಡದಿತ್ತಂದ್ರ ಮತ್ತಷ್ಟು ಸರಿಸಿ ಇನ್ನೊಂದು ಸುತ್ತು. ಆಮ್ಯಾಲ ಎರಡೂ ಕೂಡಿಸಿ ಹೊಲದುಬಿಡೂದು."

ನಲವತ್ತೆಂಟು ವರ್ಷದಿಂದ ರೊಟ್ಟಿ ತಿನ್ನುತ್ತಿದ್ದೇನೆ. ನಮ್ಮವ್ವ, ನನ್ನ ಹೆಂಡತಿ, ಇಬ್ಬರೂ ಇದೇ ರೀತಿ ಬೇಯಿಸಿದ್ದಾರೆ, ನನ್ನ ಕಣ್ಣೆದುರಿಗೇ. ಒಂದು ದಿನವಾದರೂ ಹೊಳೆಯಬಾರದೇ? ಅವಳ ಮೇಲೆ ಎಷ್ಟು ಹೊಟ್ಟೆಕಿಚ್ಚಿತ್ತೋ ಅಷ್ಟೇ ಸಿಟ್ಟು ನನ್ನ ಮೇಲೂ ಬಂತು.

ಮಾರನೆಯ ದಿನ ಬೆಳಿಗ್ಗೆ ಶಾಮಿಯಾನದವನ ಜನರೇಟರು ತರಿಸಿದೆವು. ಕಂಬಿಗಳನ್ನು ಮರದ ಸುತ್ತ ಬಳೆಯ ಹಾಗೆ ಜೋಡಿಸಿ ಬೋಲ್ಟು ಬಿಗಿದೆ. ಅದರ ಮೇಲೆ ಒಂದು ಕಡೆ ಎಕ್ಸ್‌ರೇ ಕೊಳವೆ, ಎದುರಿಗೆ ಡಿಟೆಕ್ಟರು. ದೂರದವರೆಗೆ ಹಗ್ಗ ಕಟ್ಟಿ ಓಣಿಯವರನ್ನೆಲ್ಲ ಆಚೆ ಕಳಿಸಿ, ಗೋಡೆಯ ಮರೆಯಲ್ಲಿ ನಿಂತು ಗುಂಡಿ ಒತ್ತುವುದು, ಬಂದು ಒಂದಿಷ್ಟು ಸರಿಸುವುದು, ಮತ್ತೆ ಓಡುವುದು. ಡಿಟೆಕ್ಟರನ್ನು ನಡುವಿನ ಪಕ್ಕ ಇಟ್ಟು ಒಂದು ಸುತ್ತು, ಅಂಚಿನ ಕಡೆಗೆ ಸರಿಸಿ ಇನ್ನೊಂದು ಸುತ್ತು. ಮರಕ್ಕೆ ಇಷ್ಟು ಪ್ರದಕ್ಷಿಣೆ ಹಾಕಿದವನು ನನ್ನ ವಂಶದಲ್ಲೇ ಇರಲಿಕ್ಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಪಡಸಾಲೆಯಲ್ಲಿ ಲ್ಯಾಪ್‌ಟಾಪು ಲೆಕ್ಕ ಹಾಕುತ್ತ ಕೂತಿತು, ಅದರ ಸುತ್ತ ನಾವು.

ಚಿತ್ರ ಬಂತು. ಬಂದದ್ದು ಮರವಲ್ಲ, ದೀಪಾವಳಿ! ಅಂಚಿನ ತುಂಬ ಬೆಳ್ಳನೆಯ ಚುಕ್ಕೆಗಳು, ಚುಕ್ಕೆ ಚುಕ್ಕೆಯಿಂದ ಸುರುಸುರುಬತ್ತಿಯ ಕಿಡಿಗಳು, ನಡುವೆ ಅಗಲವಾದ ಕರೀ ಪಟ್ಟಿ. ಸುನಂದಾಳ ಮುಖ ಹುಳ್ಳಗಾಯಿತು.

"ನಡುವ ಪೂರಾ ಕರ್ರಗದ್ರೀ ಸರ್," ಎಂದಳು ಸಣ್ಣ ದನಿಯಲ್ಲಿ. "ಟೊಳ್ಳ ಅಂತ ಕಾಣ್ತದ. ನನ್ನ ಹೊಲಿಗೀನೂ ಬರೋಬ್ಬರಿ ಕೂಡಿಲ್ಲ. ಹೀಂಗಿದ್ದ ಮ್ಯಾಲ ಗಟ್ಟಿ ಅದ ಅಂತ ನಾ ಹೆಂಗ ಹೇಳಲಿ? ಕಡೀಲಿ ಅಂತೀನಿ."

ಚಂದ್ರಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಹೊರಗೆ ಹೋಗಿ ಮರದ ಕೆಳಗಿನ ಚಾಪೆ ಸುತ್ತತೊಡಗಿದಳು.

ನನಗೆ ಹೇಗಾಯಿತು ಅನ್ನುತ್ತೀರಿ? ಸಂತೋಷವಾಯಿತು. ಇನ್ನೇನು ಸುಳ್ಳು ಹೇಳಲಿ? ಬಾಗಿಲಿನಷ್ಟು ದೊಡ್ಡ ಡಿಟೆಕ್ಟರು ಪ್ಯಾಕಿಂಗ್ ಸಮೇತ ಕಣ್ಣ ಮುಂದೆ ಬಂತು. ಸುಮ್ಮನೆ ಕೂತಿದ್ದರೆ ಸಾಕಿತ್ತು. ಆದರೆ ನಾನು ಬೆಸುಗೆಯ ಚಿತ್ರಗಳನ್ನು ನೋಡಿ ನೋಡಿ ಕಣ್ಣು ಸವೆಸಿಕೊಂಡವನು. ಆ ಕರೀ ಪಟ್ಟಿ ಎಲ್ಲೆಂದರಲ್ಲಿ ಇರಲಿಲ್ಲ. ಒಂದು ಬಿಳಿ ಚುಕ್ಕೆಯಿಂದ ಎದುರಿನ ಬಿಳಿ ಚುಕ್ಕೆಗೆ ನೇರ ಎಳೆದಂತಿತ್ತು. ಟೊಳ್ಳು ಹಾಗೆ ನೇರವಾಗಿ ಇರುವುದಿಲ್ಲ. ಅದು ಲೋಹದ ನೆರಳು. ಇದು ಅವಳಿಗೆ ಕಂಡಿಲ್ಲ, ನನಗೆ ಕಂಡಿದೆ! ಅಷ್ಟು ದಿನದ ಹೊಟ್ಟೆಕಿಚ್ಚು ಒಮ್ಮೆಲೇ ನಾಲಿಗೆಗೆ ಬಂತು.

"ಏ ಹುಚ್ಚಿ, ಏನ್ ಕಲತೀದಿ ನನ್ನ ಹತ್ರ? ಇದು ಟೊಳ್ಳಲ್ಲ. ಇವು ಕಬ್ಬಿಣ. ಗಿಡದಾಗ ಕಬ್ಬಿಣ ಎಲ್ಲಿಂದ ಬಂತು?" ಎಂದೆ, ದೊಡ್ಡ ದನಿಯಲ್ಲಿ, ಓಣಿಗೆಲ್ಲ ಕೇಳುವ ಹಾಗೆ.

ಹೊರಗೆ ಹೋಗಿ ನನ್ನ ಸುಣ್ಣದ ಗೆರೆಯ ಮೇಲೆ ಬೆರಳಾಡಿಸಿದೆ. ತೊಗಟೆಯ ಸಂದಿನಲ್ಲಿ, ಮೇಲೆ ಕೆಮ್ಮಣ್ಣು ಮೆತ್ತಿ ಮುಚ್ಚಿದ ಮೊಳೆಯ ತಲೆ. ಅದರ ಪಕ್ಕ ಇನ್ನೊಂದು. ಗೆರೆಯುದ್ದಕ್ಕೂ ಮೊಳೆಗಳು, ಎಲ್ಲ ಹೊಸವು.

ಆ ಕಡೆ ಹುಣಸೆಮರಕ್ಕೆ ಮೊಳೆ ಹೊಡೆಯುವುದು ಹಳೆಯ ರೂಢಿ. ಬಿಡದ ಜ್ವರ, ಕೆಟ್ಟ ಕನಸು, ಮೈಮೇಲೆ ಬಂದ ಗಾಳಿ, ಎಲ್ಲವನ್ನೂ ಮೊಳೆಯಿಂದ ಮರಕ್ಕೆ ಕಟ್ಟಿಹಾಕುತ್ತಾರೆ. ಈಗ ಮಿಷಿನ್ನು ಮರದೊಳಗೆ ಹೊಕ್ಕರೆ ಕಟ್ಟಿದ್ದೆಲ್ಲ ಬಿಚ್ಚಿಕೊಂಡು ಮನೆಗೆ ಮರಳಿದರೆ ಗತಿಯೇನು? ಅದಕ್ಕೆ ಹಿಂದಿನ ರಾತ್ರಿ, ನಾವು ನಿದ್ದೆ ಹೋದ ಮೇಲೆ, ಒಬ್ಬೊಬ್ಬರೇ ಬಂದು, ಸದ್ದಾಗದಂತೆ ಸುತ್ತಿಗೆಗೆ ಅರಿವೆ ಸುತ್ತಿ, ಬಂದೋಬಸ್ತು ಮಾಡಿದ್ದರು. ಮಿಷಿನ್ನು ಹೊಗುವ ದಾರಿ ಯಾವುದೆಂದು ನಾನೇ ಗೆರೆ ಎಳೆದು ತೋರಿಸಿದ್ದೆನಲ್ಲ!

"ಯಾರು ಹೊಡದೀರಿ? ಕೀಳ್ರಿ" ಅಂದೆ. "ನಾವಲ್ರೀ" ಅಂದರು ಎಲ್ಲರೂ. ನಾನು ರೇಗಿದೆ, ಸುನಂದಾ ಬೇಡಿಕೊಂಡಳು, ಯಾರೂ ಮುಂದೆ ಬರಲಿಲ್ಲ. ಬೇರೆಯವರ ಮೊಳೆ ಕಿತ್ತರೆ ಅವರ ಪೀಡೆ ನಮಗೆ ಅಂಟುತ್ತದೆಂದು ಅಂಜಿಕೆ. ಕೊನೆಗೆ ಚಂದ್ರಮ್ಮ ಕೈಯಲ್ಲಿದ್ದ ಚಾಪೆ ಕೆಳಗಿಟ್ಟಳು.

"ಪೈಲೆ ನಂದು ಕೀಳ್ತೀನಿ," ಅಂದಳು.

"ಚಿಗವ್ವಾ! ನೀನೂ?" ಸುನಂದಾ ಬೆಚ್ಚಿದಳು. "ನಮ್ಮ ಮನ್ಯಾಗ ಇಂಥಾವೆಲ್ಲ ಎಂದರ ಮಾಡ್ಯಾರ?"

"ಇಲ್ಲವ್ವ. ದೆವ್ವಕ್ಕ ಹೊಡಿಲಿಲ್ಲ ನಾ." ಅವಳ ಕಣ್ಣು ತುಂಬಿತು. "ಈ ಗಿಡ ನಮ್ಮನ್ನ ಬಿಟ್ಟು ಹೋಗಬಾರ್ದಂತ ಹೊಡದೆ. ನೀವೆಲ್ಲ ಸಾಲಿ ಕಲ್ತೋರು, ನಗತೀರಿ ಅಂತ ಹೇಳಲಿಲ್ಲ."

ಯಾರೂ ನಗಲಿಲ್ಲ. ಅವಳು ಇಕ್ಕಳದಿಂದ ತನ್ನ ಮೊಳೆ ಜಗ್ಗಿ ಕಿತ್ತು ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಆ ಮುದುಕ ಬಂದ. ಅವನ ಹಿಂದೆ ಅವನ ಸೊಸೆ. ಒಬ್ಬೊಬ್ಬರೂ ತಮ್ಮ ತಮ್ಮ ಮೊಳೆ ಗುರುತು ಹಿಡಿದು, ಬೇರೆಯವರದನ್ನು ಮುಟ್ಟದೆ, ಕಿತ್ತುಕೊಂಡು ಹೋದರು. ಮನೆಯಲ್ಲಿ ಒಯ್ದು ಎಲ್ಲಿಟ್ಟರೋ ನಾನು ಕೇಳಲಿಲ್ಲ.

ಮತ್ತೆ ಎರಡು ಸುತ್ತು. ಹೊತ್ತು ಮುಳುಗುವಾಗ ಎರಡನೆಯ ಚಿತ್ರ ಬಂತು. ಅಯ್ಯೋ, ಎಂಥ ಚಿತ್ರ! ವರ್ಷ ವರ್ಷದ ಉಂಗುರಗಳು ಒಂದರೊಳಗೊಂದು, ಎರಡು ಸುತ್ತು ಸೇರಿದ ಜಾಗದಲ್ಲಿ ಒಂದು ಕೂದಲೆಳೆಯ ಗುರುತೂ ಇಲ್ಲ. ಒಳಗೆ ಎಂದೋ ಯಾರೋ ಹೊಡೆದು ಮರ ನುಂಗಿದ್ದ ಎರಡು ಹಳೆಯ ಮೊಳೆಗಳೂ ಚುಕ್ಕೆಯಾಗಿ ಕಂಡವು. ಮುರಿದ ಕೊಂಬೆಯ ಬದಿಗೆ ಮಾತ್ರ ತಂಬಿಗೆಯಷ್ಟು ಪೊಟರೆ. ಉಳಿದದ್ದೆಲ್ಲ ಗಟ್ಟಿ. ಆ ಬದಿಯ ಭಾರದ ಕೊಂಬೆಯೊಂದನ್ನು ಇಳಿಸಿದರೆ ಮರಕ್ಕೂ ಭಯವಿಲ್ಲ, ಮಕ್ಕಳಿಗೂ ಭಯವಿಲ್ಲ. ಚಂದ್ರಮ್ಮ ಸುನಂದಾಳ ಕೆನ್ನೆ ಸವರಿ ನೆಟಿಕೆ ಮುರಿದಳು. ನನಗೆ ಒಂದು ಲೋಟ ಚಹಾ ಬಂತು, ಸಕ್ಕರೆ ಮುಂದಾಗಿ. ಇಂಥ ಚಿತ್ರವನ್ನು ನನ್ನ ಕೈಯಿಂದ ಒಂದೂ ತೆಗೆದಿಲ್ಲ. ಚಹಾ ಕುಡಿಯುತ್ತ ಅದನ್ನೇ ನೋಡಿದೆ, ಒಂದಾದರೂ ಕೊರತೆ ಸಿಕ್ಕೀತೇ ಎಂದು. ಸಿಗಲಿಲ್ಲ.

ಕಟ್ಟಿಗೆ ಅಡ್ಡೆಯವನಿಗೆ ಫೋನು ಹತ್ತಲಿಲ್ಲ, ಮೂರನೆಯ ದಿನ ಗರಗಸ ಹೊರಡುವ ಮೊದಲೇ ನಾರಾಯಣಖೇಡ ಮುಟ್ಟಬೇಕಿತ್ತು. ಬೆಳಕು ಹರಿಯುತ್ತಲೇ ಆಟೋ ಹಿಡಿದೆವು. ಚಳಿ ಇತ್ತು, ರಸ್ತೆ ಕೆಟ್ಟಿತ್ತು, ಕಂಬಿಗಳು ದಾರಿಯುದ್ದಕ್ಕೂ ಬಡಬಡಿಸಿದವು. ಕಟ್ಟಿಗೆ ಅಡ್ಡೆಯ ಖಾಜಾಮಿಯಾ ಆಗಲೇ ಟ್ರ್ಯಾಕ್ಟರಿಗೆ ಹಗ್ಗ, ಕೊಡಲಿ ಹೇರಿಸುತ್ತಿದ್ದ. ಸುನಂದಾ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪು ತೆರೆದು ತೋರಿಸಿದಳು. ಅವನು ಬಗ್ಗಿ ಉಂಗುರಗಳನ್ನು ಬೆರಳಿನಿಂದ ಎಣಿಸಿ ನೋಡಿದ.

"ಅರೇ ವಾಹ್! ಕೊಯ್ಯದೇ ಕೊಯ್ದಂಗ ತೋರಸ್ಯಾಳ ಈ ಬೇಟಿ. ಇದನ್ನ ಕಡದ್ರ ಗುನ್ಹಾ ಆಗ್ತದ್ರೀ. ಒಂದೇ ಟೊಂಗಿ ತಗದು ಬರ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ನೀವು ಈಕೀ ಕೂಡ ಸಾಮಾನ್ ಹೊರಾಕ ಬಂದೀರೇನ್ರೀ?" ಅಂದ.

"ಹೌದು ಸಾಹೇಬ್ರ," ಅಂದೆ. ಇನ್ನೇನು ಹೇಳುವುದು?

ಬಸ್ಸಿಲ್ಲ. ಗಡಿಯ ತನಕ ಅದೇ ಆಟೋ, ಅಲ್ಲಿಂದ ಬೀದರಿಗೆ ನಮ್ಮ ಕಡೆಯ ಬಸ್ಸು ಸಿಗುತ್ತದೆಂದು ಹೊರಟೆವು. ಊರು ದಾಟುತ್ತಿದ್ದಂತೆ ನನ್ನ ಫೋನು ರಿಂಗಾಯಿತು. ಪ್ರಿನ್ಸಿಪಾಲರು.

"ಏನಾತ್ರೀ ನಿಮ್ಮ ಗಿಡದ ಕತಿ? ಫೈಲ್ ಮುಂದ ಇಟ್ಕೊಂಡು ಕುಂತೀನಿ. ಸಣ್ಣದ್ರಾಗ ಆಗಲಿಲ್ಲ ಅಂದ್ರ ಈಗೇ ಸಹಿ ಮಾಡಿ ಕಳಸ್ತೀನಿ, ಮುಂದಿನ ವರ್ಷ ದೊಡ್ಡದು ಬರ್ತದ."

ಒಂದೇ ಮಾತು ಸಾಕಿತ್ತು, ಅದೂ ಸುಳ್ಳಲ್ಲ. "ಮೊದಲನೇ ಚಿತ್ರ ಕೆಟ್ಟು ಬಂತ್ರೀ" ಎಂದು ನಿಲ್ಲಿಸಿಬಿಟ್ಟರೆ ಆಯಿತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಎರಡನೆಯ ಚಿತ್ರ ಕಣ್ಣ ಮುಂದೆ ನಿಂತಿತ್ತು, ಉಂಗುರ ಉಂಗುರವಾಗಿ. ಅದನ್ನು ಕಂಡೂ ಇಲ್ಲ ಅನ್ನುವುದು ನನ್ನ ಕೈಲಾಗಲಿಲ್ಲ.

"ಆತ್ರೀ ಸರ್. ಭಾಳ ಚೊಲೋ ಬಂತು."

"ಹಂಗಾರ ದೊಡ್ಡದು?"

"ಬ್ಯಾಡ್ರೀ."

ಫೋನು ಕಿಸೆಗಿಟ್ಟೆ. ಆಟೋ ಒಂದು ಗುಂಡಿಗೆ ಇಳಿದು ಹತ್ತಿತು. ಸುನಂದಾ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಆ ಫೈಲಿನ ವಿಷಯ ಪೂರಾ ಗೊತ್ತು.

"ಸರ್..." ಎಂದಳು.

"ಏನೂ ಮಾತಾಡಬ್ಯಾಡ," ಅಂದೆ. "ಗುಲಬರ್ಗಾ ಬರೂತನಕ ಸುಮ್ಕ ಕುಂದ್ರು. ನಿನ್ನ ಕಂಡ್ರ ನನಗ ಹೊಟ್ಟಿ ಉರೀತದ. ಇವತ್ತಲ್ಲ, ಆ ಡ್ರಮ್ ತೋರಿಸಿದ ದಿನದಿಂದ."

"ಗೊತ್ತದ್ರೀ ಸರ್."

"ಗೊತ್ತಿತ್ತಾ? ಮತ್ತ ನನ್ನನ್ಯಾಕ ಕರಕೊಂಡು ಬಂದಿ?"

"ಅದಕ್ಕೇ ಕರಕೊಂಡು ಬಂದೆ," ಅಂದಳು, ನಗದೆ. "ನಮ್ಮ ಚಿಗವ್ವನ ಗಿಡ ಅದು. ತಪ್ಪಾದ್ರ ಹೆಂಗ್ರೀ? ನನ್ನ ಚಿತ್ರದಾಗ ತಪ್ಪು ಹುಡುಕೂ ಮಂದಿ ನಿಮ್ಮಷ್ಟು ಇನ್ಯಾರದಾರ?"

ನಾನು ತಿರುಗಿ ಆಟೋದ ಹಿಂದಿನ ಕಂಡಿಯಿಂದ ನೋಡಿದೆ. ಖಾಜಾಮಿಯಾನ ಟ್ರ್ಯಾಕ್ಟರು ದೂಳೆಬ್ಬಿಸುತ್ತ ನ್ಯಾಲ್ಕಲ್ ಕಡೆಯ ರಸ್ತೆಗೆ ಹೊರಳುತ್ತಿತ್ತು, ಒಂದೇ ಒಂದು ಕೊಂಬೆ ಕಡಿಯಲಿಕ್ಕೆ.